ಎಣಿಕೆಬ್ಯಾನಿ

ಮಹಾರುದ್ರನಿಗೆ ಸಮ್ ಸಿಗಲಿಲ್ಲ.

ಅವನ ಹೆಂಡತಿ ಶಾಂಭವಿ ಬಳಿಗಾರ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಮಹಾರುದ್ರ ಅಣೆಕಟ್ಟಿನ ಕಾಲನಿಯ ಶಾಲೆಯಲ್ಲಿ ತಬಲಾ ಮೇಷ್ಟ್ರು. ಮುಂಜಾನೆ ಅವನು ತೀನ್‌ತಾಲ ಹಿಡಿದು ಕೂತರೆ ಹದಿನಾರು ಮಾತ್ರೆಗಳ ಸುತ್ತು ಮುಗಿಸಿ ಮತ್ತೆ ಮೊದಲ ಮಾತ್ರೆಯ ಮೇಲೆ, ಅಂದರೆ ಸಮ್ ಮೇಲೆ, ಬಂದು ಇಳಿಯುವುದು ಅವನ ಕೈಗೆ ಉಸಿರಾಡಿದಷ್ಟು ಸಹಜ. ಅವತ್ತು ಬಾಯಿಪಾಠದ ಬೋಲುಗಳೆಲ್ಲ ಸರಿಯಾಗಿಯೇ ಬಂದವು. ಆದರೆ ಒಂದು ತುಕಡಾ, ಬೋಲುಗಳ ಸಣ್ಣ ತುಣುಕು, ಹಿಡಿದು ಸುತ್ತಾಡಲು ಹೊರಟವನು ಮರಳಿ ಮನೆ ಸೇರಲಿಲ್ಲ. ಮತ್ತೆ ಶುರು ಮಾಡಿದ, ಮತ್ತೆ ದಾರಿ ತಪ್ಪಿದ. ಆಮೇಲೆ ಕೈ ನಿಂತೇಹೋಯಿತು. ಶಾಂಭವಿ ಹೊರಗೆ ಬಂದು ನೋಡಿದರೆ, ಅವನು ತನ್ನ ಹತ್ತು ಬೆರಳುಗಳನ್ನು ಮುಖದ ಮುಂದೆ ಹರವಿಕೊಂಡು, ಬೇರೆ ಯಾರದೋ ಕೈ ನೋಡುವವನಂತೆ ನೋಡುತ್ತಿದ್ದ.

"ಮೊನ್ನೆ ಜ್ವರ ಬಂದಿತ್ತಲ್ಲ, ನೆಗಡೀದು ಅಂದ್ಕೊಂಡಿದ್ವಿ," ಅಂದ ಮೆಲ್ಲಗೆ. "ಅದೇ ಇರಬೇಕು ಇದು."

ಬೇಸಿಗೆಯ ಆರಂಭದಲ್ಲಿ ದೂರದ ಬಂದರು ನಗರಗಳಲ್ಲಿ ಕಾಣಿಸಿಕೊಂಡ ಜ್ವರ ಅದು. ನಾಲ್ಕಾರು ದಿನ ಮೈ ಕಾದು, ಕಿವಿಗಳ ಮೇಲೆ ತಲೆ ಸಿಡಿದು, ತಾನಾಗಿಯೇ ಇಳಿಯುತ್ತಿತ್ತು. ಅದರಿಂದ ಯಾರೂ ಸಾಯುತ್ತಿರಲಿಲ್ಲವಾದ್ದರಿಂದ ಮೊದಮೊದಲು ಯಾರೂ ಹೆದರಲಿಲ್ಲ. ಜ್ವರ ಬಿಟ್ಟ ಮೇಲೆ ಜನರಿಗೆ ಮಾತು ಇರುತ್ತಿತ್ತು, ನೆನಪು ಇರುತ್ತಿತ್ತು, ಹೆಂಡಿರು ಮಕ್ಕಳ ಗುರುತು ಇರುತ್ತಿತ್ತು. ಎಣಿಕೆಯೊಂದು ಹೋಗಿರುತ್ತಿತ್ತು. ಕಾಲನಿಯ ಆಸ್ಪತ್ರೆಯ ಡಾಕ್ಟರ್ ಮೆಹಜಬೀನ್ ಇನಾಮದಾರ್ ಅದನ್ನು ಶಾಂಭವಿಗೆ ಬಿಡಿಸಿ ಹೇಳಿದ್ದರು. ಮೆದುಳಿನ ಎರಡು ಬದಿಗಳಲ್ಲೂ ಒಂದೊಂದು ಮಡಿಕೆಯಿದೆ. 'ಇಷ್ಟು' ಎಂಬುದು ನಮಗೆ ಹೊಳೆಯುವುದು ಅಲ್ಲಿ. ವೈರಾಣು ಆ ಮಡಿಕೆಯನ್ನೇ ಹುಡುಕಿಕೊಂಡು ಹೋಗಿ ಸುಡುತ್ತದೆ. ಸುಟ್ಟದ್ದು ಮತ್ತೆ ಚಿಗುರುವುದಿಲ್ಲ. ಅಂಕಿ ಕಣ್ಣಿಗೆ ಕಾಣುತ್ತದೆ, ಆದರೆ ಬಳ್ಳಿಯ ಚಿತ್ತಾರ ಕಂಡಂತೆ. ಪೇಪರಿನವರು ಇದಕ್ಕೆ 'ಸಂಖ್ಯಾಲೋಪ' ಎಂದು ದೊಡ್ಡ ಹೆಸರಿಟ್ಟರು. ಹೊಳೆಸಾಲಿನ ಜನ ಎಣಿಕೆಬ್ಯಾನಿ ಎಂದರು.

ಮೊದಲು ರೈಲು ನಿಂತವು, ಆಮೇಲೆ ವಿಮಾನ. ಕಾಂಕ್ರೀಟಿನ ಹದ ತಪ್ಪಿ ಎದ್ದು ನಿಂತಿದ್ದ ಮಹಡಿಗಳು ಕುಸಿದವು. ಔಷಧಿ ಕಂಪನಿಗಳ ಬಾಗಿಲು ಮುಚ್ಚಿತು. ಒಂದು ಗುಳಿಗೆಯಲ್ಲಿ ಎಷ್ಟು ವಿಷ, ಎಷ್ಟು ಮದ್ದು ಎಂದು ಹೇಳುವವರು ಅಲ್ಲಿ ಉಳಿದಿರಲಿಲ್ಲ. ಕಂಪ್ಯೂಟರುಗಳು ಮಾತ್ರ ಮೊದಲಿನಂತೆಯೇ ಕೂಡುತ್ತ, ಗುಣಿಸುತ್ತ ಕೂತಿದ್ದವು. ಆದರೆ ಅವಕ್ಕೆ ಉಣಿಸಿದ್ದು ಸರಿಯೋ ತಪ್ಪೋ, ಅವು ಉಗುಳಿದ್ದು ನಿಜವೋ ಸುಳ್ಳೋ ಎಂದು ತಿಳಿಯಲು ಕೊನೆಗೊಬ್ಬ ಮನುಷ್ಯ ಬೇಕಾಗುತ್ತಿತ್ತು. ಕಾಲೇಜಿನಲ್ಲಿ ಓದಿದ್ದೊಂದು ಸಂಗತಿ ಶಾಂಭವಿಗೆ ಆ ದಿನಗಳಲ್ಲಿ ಪದೇ ಪದೇ ನೆನಪಾಗುತ್ತಿತ್ತು. ಮನುಷ್ಯ ಅಕ್ಷರ ಕಲಿಯುವುದಕ್ಕೆ ಮೊದಲೇ ಮಣ್ಣಿನ ಬಿಲ್ಲೆಗಳನ್ನು ಮಾಡಿಕೊಂಡಿದ್ದನಂತೆ, ಕುರಿಗೊಂದು, ಕಾಳಿನ ಚೀಲಕ್ಕೊಂದು. ಆ ಬಿಲ್ಲೆಗಳ ಮೇಲಿನ ಗುರುತುಗಳೇ ಮುಂದೆ ಬರವಣಿಗೆಯಾದವಂತೆ. ಊರು, ಕಾಲುವೆ, ಕೋಟೆ, ಪಂಚಾಂಗ ಎಲ್ಲವೂ ಅದರ ಮೇಲೆ ನಿಂತದ್ದು. ಈಗ ತಳಪಾಯದ ಆ ಬಿಲ್ಲೆಗಳನ್ನೇ ಯಾರೋ ಎಳೆದುಕೊಳ್ಳುತ್ತಿದ್ದರು.

ಅವಳು ಕೆಂಚನಗಡ್ಡಿ ಅಣೆಕಟ್ಟಿನ ಕಂಟ್ರೋಲ್ ರೂಮಿನಲ್ಲಿ ಎಂಜಿನಿಯರು. ಗಂಡನಿಗೆ ಸಮ್ ತಪ್ಪಿದ ಆ ಮುಂಜಾನೆ ಅವಳು ರೊಟ್ಟಿಯನ್ನು ಹೆಂಚಿನ ಮೇಲೆಯೇ ಬಿಟ್ಟು, ಮಗಳು ಚಿನ್ಮಯಿಯನ್ನು ಬಾಗಿಲಾಚೆಯಿಂದಲೇ ಮಾತಾಡಿಸಿ, ಎರಡು ಜೊತೆ ಬಟ್ಟೆ ತೆಗೆದುಕೊಂಡು ಅಣೆಕಟ್ಟಿನ ಅತಿಥಿಗೃಹಕ್ಕೆ ಹೋಗಿಬಿಟ್ಟಳು. ಕಂಟ್ರೋಲ್ ರೂಮಿನ ಒಂಬತ್ತು ಜನರಲ್ಲಿ ಎಣಿಕೆ ಉಳಿದದ್ದು ಅವಳೊಬ್ಬಳಿಗೇ. ಅವಳಿಗೂ ಜ್ವರ ಬಂದರೆ ಇಪ್ಪತ್ತಾರು ಗೇಟುಗಳ ಹಿಂದೆ ನಿಂತ ನೀರನ್ನು ಓದುವವರಿರಲಿಲ್ಲ.

ಚಿನ್ಮಯಿಗೆ ಹದಿನಾಲ್ಕು ವರ್ಷ. ಏಳನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಂಡರೆ ಬದುಕು, ಇಲ್ಲದಿದ್ದರೆ ಇಲ್ಲ. ಊಟಕ್ಕೆ ಮುಂಚೆ ರಕ್ತ ನೋಡಿ, ತಟ್ಟೆಯಲ್ಲಿದ್ದದ್ದನ್ನು ಅಂದಾಜು ಮಾಡಿ, ಇಷ್ಟು ಯೂನಿಟ್ ಎಂದು ಅವಳೇ ಲೆಕ್ಕ ಹಾಕಿಕೊಳ್ಳುತ್ತಿದ್ದಳು. ಅಮ್ಮ ಮನೆ ಬಿಟ್ಟು ವಾರ ತುಂಬುವಷ್ಟರಲ್ಲಿ ಅವಳಿಗೂ ಜ್ವರ ಬಂತು.

ಸುದ್ದಿ ಕೇಳಿ ಶಾಂಭವಿ ಮನೆಯ ಎದುರಿನ ರಸ್ತೆಯವರೆಗೆ ಬಂದಳು. ಅಲ್ಲಿಂದ ಮುಂದೆ ಬರಲಿಲ್ಲ. ಮಗಳು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು, ಹಣೆಗೆ ಒದ್ದೆಬಟ್ಟೆ. ಮಹಾರುದ್ರ ಪಕ್ಕದಲ್ಲಿ ನಿಂತಿದ್ದ. ಶಾಂಭವಿ ಅತಿಥಿಗೃಹದಲ್ಲಿ ಕೂತು ತಯಾರು ಮಾಡಿದ್ದ ಸಿರಿಂಜುಗಳನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟು ಹಿಂದೆ ಸರಿದಳು. ಒಂದೊಂದಕ್ಕೂ ಅಳತೆಯ ಗೆರೆಯ ಮೇಲೆ ದಾರ ಸುತ್ತಿ ಅಂಟು ಹಾಕಿದ್ದಳು: ಮುಂಜಾನೆಯದಕ್ಕೆ ಕೆಂಪು, ಸಂಜೆಯದಕ್ಕೆ ಕಪ್ಪು.

"ದಾರ ಮುಟ್ಟೂತನಾ ಎಳೀಬೇಕು, ದಾಟಬಾರದು," ಎಂದು ಕೂಗಿ ಹೇಳಿದಳು. "ದಿನಾ ಅದೇ ವಾಟಗಾ ಬಟ್ಟಲದಾಗ ಬ್ಯಾಳಿ, ಅದೇ ಅಳತಿ ರೊಟ್ಟಿ ಒಂದು. ಹಬ್ಬ ಬಂತಂತ ಏನೂ ಬದಲ ಮಾಡಬ್ಯಾಡ್ರಿ. ಚುಚ್ಚಿದ ಕೂಡಲೇ ಸಿರಿಂಜ್ ತಗದು ಬ್ಯಾರೆ ಡಬ್ಬಿಗೆ ಹಾಕ್ರಿ, ಇಲ್ಲಂದ್ರ ಚುಚ್ಚೇವೋ ಇಲ್ಲೋ ಗೊತ್ತಾಗಂಗಿಲ್ಲ ನಿಮಗ."

ಮಹಾರುದ್ರ ತಲೆಯಾಡಿಸಿದ. ಚಿನ್ಮಯಿ ತಾಯಿಯನ್ನೇ ನೋಡುತ್ತಿದ್ದಳು.

"ಒಳಗ ಬರಂಗಿಲ್ಲೇನವ್ವ?"

"ಬರಾಕ ಆಗಂಗಿಲ್ಲವಾ."

"ನನಗ ಜ್ವರ ಐತಿ."

"ಗೊತ್ತೈತಿ," ಅಂದಳು ಶಾಂಭವಿ. ಜೀಪಿನ ಕಡೆ ತಿರುಗಿದಳು.

ಆ ಮಧ್ಯಾಹ್ನ ಅವಳು ಮನೆಯ ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಬಾಟಲಿಗಳಿಗೆ ಡಾಕ್ಟರ್ ಮೆಹಜಬೀನ್ ಆಸ್ಪತ್ರೆಯಿಂದ ತೆಗೆದುಕೊಟ್ಟವನ್ನು ಕಾಗದದ ಮೇಲೆ ಕೂಡಿಸಿದಳು. ಒಂದು ಬಾಟಲಿಯಲ್ಲಿರುವ ಯೂನಿಟ್ಟುಗಳಿಂದ ಗುಣಿಸಿದಳು, ದಿನದ ಪ್ರಮಾಣದಿಂದ ಭಾಗಿಸಿದಳು. ಮಾಡುವವರಿಲ್ಲ, ತರುವವರಿಲ್ಲ, ಇದ್ದದ್ದು ಇಷ್ಟೇ. ಮೂರನೆಯ ತರಗತಿಯ ಭಾಗಾಕಾರ. ಉತ್ತರ ಬಂದ ಮೇಲೆ ಇನ್ನೊಮ್ಮೆ ಮಾಡಿ ನೋಡಿದಳು. ಆ ಉತ್ತರವನ್ನು ಗಂಡನಿಗೆ ಹೇಳುವಂತಿರಲಿಲ್ಲ. ಹೇಳಿದರೂ ಅವನಿಗೆ ಅದು ಬರಿಯ ಶಬ್ದ. ಇಡೀ ಕಾಲನಿಯಲ್ಲಿ ಆ ಉತ್ತರದ ಭಾರ ಹೊರಬಲ್ಲವಳು ಅವಳೊಬ್ಬಳೇ ಇದ್ದಳು.

ಮಳೆಗಾಲ ಹತ್ತಿರವಾಗುತ್ತಿತ್ತು. ಜಲಾಶಯ ಕಳೆದ ವರ್ಷದ ನೀರಿನಿಂದ ಇನ್ನೂ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ರಾಜಧಾನಿಯಿಂದ ಬಂದ ಕೊನೆಯ ಆದೇಶ, ನೀರು ಕಾಯ್ದಿಟ್ಟುಕೊಳ್ಳಿ, ವಿದ್ಯುತ್ ನಿಲ್ಲಬಾರದು, ಎಂದಿತ್ತು. ಆದೇಶ ಬರೆದವರಿಗೆ ಎಣಿಕೆ ಇತ್ತೋ ಇಲ್ಲವೋ ತಿಳಿಯದು. ಮೇಲ್ದಂಡೆಯ ಅಣೆಕಟ್ಟಿನಿಂದ ಬರುವ ಒಳಹರಿವಿನ ವರದಿ ಒಂದು ದಿನ ಎಪ್ಪತ್ತು ಸಾವಿರ ಕ್ಯೂಸೆಕ್, ಮರುದಿನ ಏಳು, ಅದರ ಮರುದಿನ ಖಾಲಿ. ಗೇಟು ನಡೆಸುವ ಕಂಪ್ಯೂಟರ್ ಅದನ್ನೆಲ್ಲ ನಂಬುತ್ತಿತ್ತು. ಶಾಂಭವಿ ತನ್ನ ಕೈಯಾರೆ ಲೆಕ್ಕ ಹಾಕಿದಳು. ಘಟ್ಟದಲ್ಲಿ ಸಾಧಾರಣ ಮಳೆಯಾದರೂ, ಗೇಟು ಎತ್ತುವ ಹೊತ್ತು ಇದು ಎಂದು ಹೇಳುವವರಿಲ್ಲದಿದ್ದರೆ, ನೀರು ಅಣೆಕಟ್ಟಿನ ನೆತ್ತಿಯ ಮೇಲೆ ಹರಿದು ಮಣ್ಣಿನ ಏರಿ ಕೊಚ್ಚಿಹೋಗುತ್ತದೆ. ಕೆಳಗೆ ನಲವತ್ತೊಂದು ಹಳ್ಳಿಗಳು.

ಉಳಿದ ದಾರಿ ಒಂದೇ. ಎಣಿಕೆ ಇರುವಾಗಲೇ ನೀರನ್ನು ಹಂತಹಂತವಾಗಿ ಬಿಟ್ಟು, ಇಪ್ಪತ್ತಾರು ಗೇಟುಗಳನ್ನೂ ಪೂರ್ತಿ ಮೇಲೆತ್ತಿ, ಇನ್ನೆಂದೂ ಇಳಿಯದಂತೆ ಬೆಸುಗೆ ಹಾಕುವುದು. ಆಗ ಅಣೆಕಟ್ಟು ಅಣೆಕಟ್ಟಾಗಿ ಉಳಿಯುವುದಿಲ್ಲ. ಹೊಳೆ ತನ್ನ ಪಾಡಿಗೆ ತಾನು ಹರಿಯುತ್ತದೆ. ಕಾಲುವೆಗಳು ಒಣಗುತ್ತವೆ. ವಿದ್ಯುತ್ ಹೋಗುತ್ತದೆ; ಆಸ್ಪತ್ರೆಯ ಯಂತ್ರಗಳು, ಊರ ಪಂಪುಗಳು, ಇನ್ಸುಲಿನ್ ಇಟ್ಟ ಫ್ರಿಜ್ಜು, ಎಲ್ಲ. ಮಡಕೆಯ ನೀರಿನಲ್ಲಿಟ್ಟ ಬಾಟಲಿ ಫ್ರಿಜ್ಜಿನಲ್ಲಿಟ್ಟಷ್ಟು ಕಾಲ ಬಾಳುವುದಿಲ್ಲ. ಅವಳು ಮಧ್ಯಾಹ್ನದ ಭಾಗಾಕಾರಕ್ಕೆ ಮರಳಿ, ಉತ್ತರವನ್ನು ತಿದ್ದಿದಳು. ಅದು ಇನ್ನೂ ಸಣ್ಣದಾಯಿತು.

ಮುಖ್ಯ ಎಂಜಿನಿಯರ್ ಗುರುರಾಜ ದೇಸಾಯಿಯವರ ಅಪ್ಪಣೆಯಿಲ್ಲದೆ ಗೇಟಿನ ಸಿಬ್ಬಂದಿ ಅಲುಗುವುದಿಲ್ಲ. ದೇಸಾಯಿಯವರಿಗೆ ಜ್ವರ ಬಂದು ಹೋಗಿ ತಿಂಗಳಾಗಿತ್ತು. ಅದನ್ನು ಅವರು ಮುಚ್ಚಿಟ್ಟಿರಲಿಲ್ಲ, ಆದರೆ ಮುಂಜಾನೆ ಹಳೆಯ ಅಭ್ಯಾಸದಂತೆ ಬಂದು ಮಾಪಕಗಳ ಎದುರು ಕೂತು, ತಿಳಿಯದ ಭಾಷೆಯ ಪೂಜೆಗೆ ಕೂತ ಭಕ್ತನಂತೆ ಅವನ್ನು ನೋಡುತ್ತಿದ್ದರು. ಅವರ ಹುಟ್ಟೂರು ಇದೇ ಜಲಾಶಯದ ತಳದಲ್ಲಿತ್ತು. ಹುಡುಗನಾಗಿದ್ದಾಗ ಮನೆ ಮುಳುಗುವುದನ್ನು ನೋಡಿ, ದೊಡ್ಡವನಾಗಿ ಮುಳುಗಿಸಿದ ಅಣೆಕಟ್ಟಿಗೇ ಚಾಕರಿ ಮಾಡಿದ ಮನುಷ್ಯ.

ಶಾಂಭವಿ ಎಲ್ಲ ಹೇಳಿದಳು. ಇಷ್ಟೆಲ್ಲ ಊರು ಮುಳುಗಿಸಿ ಕಟ್ಟಿದ್ದನ್ನು ಬಿಟ್ಟುಕೊಡುವುದು ಹೇಗೆ ಎಂದು ಅವರು ಕೇಳಿದರು. ಮಳೆ ಕಡಿಮೆಯಾಗಿ, ಅವಳ ಲೆಕ್ಕ ಸುಳ್ಳಾದರೆ? ಕುಡಿಯುವ ನೀರಿಗೆ ಬಾಯಿ ಬಿಡುವ ಪಟ್ಟಣಗಳಿಗೆ ಯಾರು ಉತ್ತರ ಕೊಡಬೇಕು? ಅವಳು ಲೆಕ್ಕದ ಹಾಳೆಯನ್ನು ಅವರ ಮುಂದೆ ತಳ್ಳಿದಳು. ಅವರು ಅದರ ಮೇಲೆ ಕೈಯಾಡಿಸಿ ಹಿಂದಕ್ಕೆ ಸರಿಸಿದರು.

"ನೋಡವಾ ತಂಗಿ," ಅಂದರು. "ನೀ ಬರದದ್ದು ನನಗ ತಿಳೀವಲ್ತು. ಆದ್ರ ತಿಳೀವಲ್ತು ಅನ್ನೋದಷ್ಟು ತಿಳೀತದ. ಮನ್ಯಾಗ ಮಗಳನ್ನ ಇಟಗೊಂಡು ನೀನೇ ಇದನ್ನ ಕೇಳಲಿಕ್ಕೆ ಹತ್ತೀದಿ ಅಂದ್ರ, ಅದು ಖರೇನೇ ಇರಬೇಕು."

ಗೇಟುಗಳು ಏಳತೊಡಗಿದವು. ಮೊದಲು ಎರಡು, ಆಮೇಲೆ ನಾಲ್ಕು. ಕೆಳಗಿನ ಹಳ್ಳಿಗಳಿಗೆ ಜೀಪು ಓಡಾಡಿ, ಹೊಳೆಗೆ ಇಳಿಯಬೇಡಿ, ದಂಡೆ ಬಿಟ್ಟು ದಿಬ್ಬಕ್ಕೆ ಹೋಗಿ ಎಂದು ಸಾರಿತು. ನೀರು ಇಳಿದಂತೆ ಜಲಾಶಯದ ಅಂಚಿನಲ್ಲಿ ಕೆಸರು ಬಿರಿದು, ಅದರಲ್ಲಿ ಯಾವುದೋ ಊರಿನ ಬಾವಿಯ ಕಟ್ಟೆ, ಗರಡಿಮನೆಯ ಗೋಡೆ ಮೇಲೆದ್ದವು. ಕಾಲನಿಯ ದೀಪಗಳು ಆರಿದವು. ಜನ ಅತಿಥಿಗೃಹದ ಮುಂದೆ ಸೇರಿ ಶಾಂಭವಿಯನ್ನು ಬೈದರು, ಒಬ್ಬ ಕಲ್ಲು ತೂರಿದ. ಬೆಸುಗೆಯವರು ಒಂದೊಂದೇ ಗೇಟನ್ನು ಕಂಬಕ್ಕೆ ಹಿಡಿಸುತ್ತ ಬಂದರು. ಇಪ್ಪತ್ತಮೂರು ಮುಗಿದಿದ್ದವು. ಆ ಮುಂಜಾನೆ ಮಾಪಕದ ಮುಂದೆ ನಿಂತ ಶಾಂಭವಿಗೆ ಕಿವಿಗಳ ಮೇಲೆ ಸಣ್ಣಗೆ ಸಿಡಿಯತೊಡಗಿತು. ಅವಳು ಯಾರಿಗೂ ಹೇಳಲಿಲ್ಲ. ಬೆಸುಗೆಯವರ ಹತ್ತಿರ ಹೋಗಿ, ಉಳಿದ ಮೂರನ್ನೂ ಇವತ್ತೇ ಮುಗಿಸಬೇಕೆಂದಳು. ಮುಗಿಸಿದರು. ಬಿಸಿಲಿನಲ್ಲಿ ಕೊನೆಯ ಬೆಸುಗೆಯ ಕಿಡಿ ನೋಡುತ್ತ ಅವಳು ಅಲ್ಲೇ ಕುಸಿದು ಕೂತಳು.

ಜ್ವರ ಇಳಿದ ಮೇಲೆ ಗೋಡೆಯ ಮೇಲಿದ್ದ ನೀರಿನ ಮಟ್ಟದ ಪಟ್ಟಿಯನ್ನು ನೋಡಿದಳು. ಅದರಲ್ಲಿದ್ದ ಆಕಾರಗಳು ಬಾಗಿದ್ದವು, ನೆಟ್ಟಗಿದ್ದವು, ಗುಂಡಗಿದ್ದವು. ಚೆಂದವಾಗಿಯೇ ಇದ್ದವು. ಏನನ್ನೂ ಹೇಳುತ್ತಿರಲಿಲ್ಲ. ಒಂದು ಭಾಗಾಕಾರ ಮಾಡಿದ್ದು ಅವಳಿಗೆ ನೆನಪಿತ್ತು. ಎಲ್ಲಿ ಕೂತು ಮಾಡಿದೆ, ಪೆನ್ನಿನ ಬಣ್ಣ ಯಾವುದು, ಉತ್ತರ ಬಂದ ಮೇಲೆ ಇನ್ನೊಮ್ಮೆ ಮಾಡಿ ನೋಡಿದ್ದು, ಎಲ್ಲ ನೆನಪಿತ್ತು. ಉತ್ತರ ಮಾತ್ರ ಇರಲಿಲ್ಲ. ಅವಳು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಮನೆಗೆ ನಡೆದಳು.

ಚಿನ್ಮಯಿ ಬದುಕಿದ್ದಳು. ಸೊರಗಿದ್ದಳು, ಆದರೆ ದಾರದ ಗುರುತು ಅವಳನ್ನು ಹಿಡಿದು ನಿಲ್ಲಿಸಿತ್ತು. ತಾಯಿ ಮಗಳು ಪಡಸಾಲೆಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತರು. ಅಂದು ಊಟಕ್ಕೆ ಕೂತಾಗ ಶಾಂಭವಿಗೆ ಹೊಸ ಕಣ್ಣಿನ ಬಗೆ ತಿಳಿಯಿತು. ಬುಟ್ಟಿಯಲ್ಲಿ ಒಂದು ರೊಟ್ಟಿಯಿದ್ದರೆ ಒಂದೆಂದು ಕಾಣುತ್ತಿತ್ತು, ಎರಡಿದ್ದರೆ ಎರಡೆಂದು, ಮೂರಿದ್ದರೆ ಮೂರೆಂದು. ಅದಕ್ಕೆ ಎಣಿಕೆ ಬೇಕಿರಲಿಲ್ಲ, ಮುಖ ಗುರುತು ಹಿಡಿದಂತೆ ಥಟ್ಟನೆ ಹೊಳೆಯುತ್ತಿತ್ತು. ಅದರಾಚೆ ಎಲ್ಲವೂ 'ಭಾಳ'. ಎಲ್ಲರಿಗೂ ಹಾಗೆಯೇ ಎಂದು ಮಹಾರುದ್ರ ಹೇಳಿದ.

ಜನ ಬದುಕಲು ದಾರಿ ಹುಡುಕಿಕೊಂಡಿದ್ದರು. ಕುರಿಯವರು ಕುರಿಗೊಂದು ಹರಳು ಚೀಲಕ್ಕೆ ಹಾಕಿ, ಸಂಜೆ ಕುರಿಗೊಂದು ಹರಳು ಹೊರಗೆ ತೆಗೆಯುತ್ತಿದ್ದರು. ಹರಳು ಉಳಿದರೆ ಕುರಿ ಕಳೆದಿದೆ. ಸಂತೆಯಲ್ಲಿ ಬೊಗಸೆಗೆ ಬೊಗಸೆ. ಹಬ್ಬಗಳನ್ನು ಚಂದ್ರನನ್ನು ನೋಡಿ ಹಿಡಿಯುತ್ತಿದ್ದರು. ಆದರೆ ಬೊಗಸೆಯಿಂದ ಸೇತುವೆ ಕಟ್ಟಲಾಗುವುದಿಲ್ಲ, ಹರಳಿನಿಂದ ಮದ್ದು ಅರೆಯಲಾಗುವುದಿಲ್ಲ. ಡಾಕ್ಟರ್ ಮೆಹಜಬೀನ್‌ಗೂ ಜ್ವರ ಬಂದು ಹೋಗಿತ್ತು. ಅವರು ಆಸ್ಪತ್ರೆಯ ಕಪಾಟಿಗೆ ಬೀಗ ಹಾಕಿ, ಬಂದವರಿಗೆ ಕೈ ಹಿಡಿದು ಕೂತುಕೊಳ್ಳುವುದನ್ನಷ್ಟೇ ಮಾಡುತ್ತಿದ್ದರು. ಮಹಾರುದ್ರ ಮತ್ತೆ ತಬಲಾ ಮುಟ್ಟಲಿಲ್ಲ. ಕೇಳಿದರೆ, ಹೊರಡೋದು ಬರತೈತಿ, ತಿರುಗಿ ಬರೋದು ಬರಂಗಿಲ್ಲ, ಎನ್ನುತ್ತಿದ್ದ.

ಮಳೆ ಬಂತು. ಘಟ್ಟದ ಮಳೆ ಹೊಳೆಗಿಳಿದು ತೆರೆದ ಗೇಟುಗಳಡಿಯಲ್ಲಿ ಗದ್ದಲ ಮಾಡುತ್ತ ಹೋಯಿತು. ಒಂದು ದಿನ ಊಟದ ಹೊತ್ತಿಗೆ ನೆಲ ಸಣ್ಣಗೆ ನಡುಗಿತು. ಮೇಲ್ದಂಡೆಯ ಅಣೆಕಟ್ಟು ಒಡೆದಿತ್ತು. ಜನ ದಿಬ್ಬ ಹತ್ತಿ ನೋಡಿದರು. ಕಂದು ಬಣ್ಣದ ನೀರು ಗೋಡೆಯಂತೆ ಬಂತು. ಅದರ ನೆತ್ತಿಯ ಮೇಲೆ ಮರ, ತಗಡು, ದನ. ಕೆಂಚನಗಡ್ಡಿಯ ಬರಿದಾದ ಜಲಾಶಯ ಅದನ್ನು ಒಮ್ಮೆಗೆ ನುಂಗಿ, ತೆರೆದ ಬಾಯಿಗಳಿಂದ ಹೊರಗೆ ಬಿಟ್ಟಿತು. ಏರಿ ನಿಂತಿತು. ನೀರು ತುಂಬಿಟ್ಟಿದ್ದರೆ ಅದೂ ಹೋಗುತ್ತಿತ್ತು, ಕೆಳಗಿನ ಊರುಗಳೂ ಹೋಗುತ್ತಿದ್ದವು. ಆದರೂ ಜೀಪಿನ ಮಾತು ಕೇಳದೆ ದಂಡೆಯಲ್ಲೇ ಉಳಿದವರಿದ್ದರು. ಅವರ ಹೆಣಗಳನ್ನು ಶಾಲೆಯ ಬಯಲಲ್ಲಿ ಸಾಲಾಗಿ ಮಲಗಿಸಿದರು. ಸತ್ತವರು ಎಷ್ಟು ಎಂದು ಹೇಳುವವರಿರಲಿಲ್ಲ. ಮನೆಮನೆಯವರು ಬಂದು ಮುಖ ನೋಡಿ ತಮ್ಮವರನ್ನು ಎತ್ತಿಕೊಂಡು ಹೋದರು. ಕೊನೆಗೂ ಯಾರೂ ಬಾರದೆ ಉಳಿದವರನ್ನು ದೇಸಾಯಿಯವರು ಮುಂದೆ ನಿಂತು ಮಣ್ಣು ಮಾಡಿಸಿದರು. ಗೇಟು ತೆರೆದದ್ದಕ್ಕೇ ಈ ನೀರು ಬಂತೆಂದು ಕೆಲವರು ಶಾಂಭವಿಯ ಮುಖಕ್ಕೇ ಹೇಳಿದರು. ಅವಳ ಹತ್ತಿರ ತೋರಿಸಲು ಲೆಕ್ಕವಿರಲಿಲ್ಲ. ಲೆಕ್ಕದ ಹಾಳೆ ಮನೆಯಲ್ಲೇ ಇತ್ತು, ಆದರೆ ಅದನ್ನು ಓದುವ ಕಣ್ಣು ಈಗ ಯಾರಿಗೂ, ಅವಳಿಗೂ, ಇರಲಿಲ್ಲ.

ಇನ್ಸುಲಿನ್ ಬಾಟಲಿಗಳು ದೇವರ ಕೋಣೆಯ ತಂಪಿನಲ್ಲಿ, ಮಡಕೆಯೊಳಗೆ ಮಡಕೆಯಿಟ್ಟು ತಣಿಸಿದ ನೀರಿನಲ್ಲಿದ್ದವು. ಪ್ರತಿ ಮುಂಜಾನೆ ಶಾಂಭವಿ ಮುಚ್ಚಳ ತೆಗೆದು ನೋಡುತ್ತಿದ್ದಳು. ಪ್ರತಿ ಮುಂಜಾನೆ ಅವು ಭಾಳ ಇದ್ದವು. ನಿನ್ನೆಯೂ ಭಾಳ, ಇವತ್ತೂ ಭಾಳ. ಕಡಿಮೆಯಾಗುತ್ತಿವೆ ಎಂದು ಬುದ್ಧಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಹಾಗೆ ಗೊತ್ತಾಗದಿರುವುದರಲ್ಲಿ ಅವಳು ಒಂದು ಬಗೆಯ ನೆಮ್ಮದಿಯನ್ನೂ ಕಂಡುಕೊಂಡಿದ್ದಳು.

ಮಳೆ ಹಿಂದೆ ಸರಿದ ಒಂದು ಮುಂಜಾನೆ ಮುಚ್ಚಳ ತೆಗೆದಾಗ ಮೂರು ಇದ್ದವು.

ಮೂರು ಎಂಬುದು ಅಷ್ಟು ಸ್ಪಷ್ಟವಾಗಿ ಕಂಡದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಅವಳು ಮುಚ್ಚಳ ಹಾಕಿದಳು. ಹೊರಗೆ ಬಂದಾಗ ಚಿನ್ಮಯಿ ಮೆಟ್ಟಿಲ ಮೇಲೆ ತಲೆ ಬಾಚಿಕೊಳ್ಳುತ್ತ ಕೂತಿದ್ದಳು.

"ಅವ್ವ, ಔಷಧ ಇನ್ನೂ ಭಾಳ ಅದಾವಲ್ಲ?" ಅಂದಳು ತಿರುಗಿ ನೋಡದೆ.

"ಭಾಳ ಅದಾವವಾ."

"ಹೂಂ," ಅಂದಳು ಹುಡುಗಿ. "ನಾನೂ ಈಗ ನೋಡಿ ಬಂದೆ."

ಶಾಂಭವಿ ಬಾಚಣಿಗೆಯನ್ನು ಮಗಳ ಕೈಯಿಂದ ತೆಗೆದುಕೊಂಡು ಹಿಂದೆ ಕೂತಳು. ಬಹಳ ನಿಧಾನವಾಗಿ ಸಿಕ್ಕು ಬಿಡಿಸಿ, ಜಡೆ ಹಾಕಿದಳು. ಇಬ್ಬರೂ ಮತ್ತೆ ಆ ಮಾತನ್ನು ಎತ್ತಲಿಲ್ಲ.

ಎರಡು ಆಯಿತು, ಒಂದು ಆಯಿತು. ಮಹಾರುದ್ರ ಎಲ್ಲೋ ಪಟ್ಟಣದಲ್ಲಿ ಜ್ವರ ತಾಗದವರು ಮದ್ದು ಮಾಡುತ್ತಿದ್ದಾರೆಂಬ ಸುದ್ದಿ ಹಿಡಿದು ನಡೆದುಹೋಗಿ, ಕಾಲು ಬಾತು, ಬರಿಗೈಯಲ್ಲಿ ಬಂದ. ಕೊನೆಯ ದಿನಗಳಲ್ಲಿ ಚಿನ್ಮಯಿಗೆ ತಡೆಯಲಾರದ ಬಾಯಾರಿಕೆ. ಕೊಡದ ನೀರೆಲ್ಲ ಕುಡಿದರೂ ಇಂಗದು. ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಡಾಕ್ಟರ್ ಮೆಹಜಬೀನ್ ಬಂದು ಕೈ ಹಿಡಿದು ಕೂತರು. ಜೋಳದ ಕಾಳಿನಲ್ಲಿ ಹಾಲು ತುಂಬುವ ಹೊತ್ತಿನಲ್ಲಿ, ಒಂದು ಇಳಿಮಧ್ಯಾಹ್ನ, ತಾಯಿಯ ತೊಡೆಯ ಮೇಲೆ ಹುಡುಗಿ ಹೋದಳು.

ಹೊಳೆಯ ಕೆಳಗಿನ ಊರಿನಿಂದ ದಿಬ್ಬಕ್ಕೆ ಬಂದು ಬದುಕಿಕೊಂಡಿದ್ದ ಒಬ್ಬ ಮುದುಕಿ ಮಾತಾಡಿಸಿಕೊಂಡು ಹೋಗಲು ಬಂದಳು. ಅವಳು ಚಿನ್ಮಯಿಯನ್ನು ನೋಡಿದವಳಲ್ಲ. ಗೋಡೆಗೊರಗಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು.

"ಎಷ್ಟ್ ದೊಡ್ಡಾಕಿ ಇದ್ಲವಾ ಮಗಳು?"

ಶಾಂಭವಿ ಬಾಯಿ ತೆರೆದಳು. ಒಮ್ಮೆ ನಾಲಿಗೆಯ ಮೇಲಿರುತ್ತಿದ್ದ ಉತ್ತರಕ್ಕಾಗಿ ಹುಡುಕಿದಳು. ಆಮೇಲೆ ಎದ್ದು ನಿಂತು, ಬಲಗೈಯನ್ನು ಅಡ್ಡ ಮಾಡಿ ತನ್ನ ಕಿವಿಯ ಹತ್ತಿರ ಹಿಡಿದಳು.

"ಇಲ್ಲೀತನಾ ಬರ್ತಿದ್ಲು," ಅಂದಳು. ಕೈಯನ್ನು ಬಹಳ ಹೊತ್ತು ಕೆಳಗಿಳಿಸಲಿಲ್ಲ.